ಸಂಕ್ರಾಂತಿಯ ದಿನ ಕೆರೆಯ ಹಕ್ಕಿಗಳನ್ನು ಎಣಿಸುವ ಕ್ರಮ

ಮಳೆಯನ್ನು ಅಳೆದು ಬರೆದಿಡುವುದರ ಪ್ರಯೋಜನವನ್ನು ಭೂಮಾಲೀಕರೆಲ್ಲರೂ ಬಲ್ಲರು. ಕೆರೆಯ ಹಕ್ಕಿಗಳನ್ನು ವರ್ಷಕ್ಕೊಮ್ಮೆ ಎಣಿಸಿ ಬರೆದಿಡುವುದೂ ಅಷ್ಟೇ ಉಪಯುಕ್ತವೆಂಬುದನ್ನು ಬಲ್ಲವರು ವಿರಳ. ಕಲ್ಮಲ, ಮಾನ್ವಿ, ದೇವದುರ್ಗಗಳ ಸೀಮೆಯವರಿಗೆ ಈ ಕಾರ್ಯಕ್ಕೆ ಸಂಕ್ರಾಂತಿಯೇ ತಕ್ಕ ದಿನವು. ಪಟ್ಟೆತಲೆಯ ಹೆಬ್ಬಾತು ಮೊದಲಾಗಿ ಹಿಮಾಲಯದಾಚೆಯಿಂದ ಬರುವ ಹಕ್ಕಿಗಳು ಆ ಕಾಲದಲ್ಲಿ ನಮ್ಮ ನಾಡಿನ ಕೆರೆಗಳಲ್ಲಿರುವುವು.

ಅಮೆರಿಕೆಯಲ್ಲಿ ಹಿಂದೆ ಕ್ರಿಸ್‌ಮಸ್ ಹಬ್ಬದಲ್ಲಿ ಹಕ್ಕಿಗಳನ್ನು ಬೇಟೆಯಾಡುವ ರೂಢಿಯಿದ್ದಿತು. 1900ರಲ್ಲಿ ಫ್ರಾಂಕ್ ಚಾಪ್‌ಮನ್ ಎಂಬ ಪಕ್ಷಿಶಾಸ್ತ್ರಜ್ಞರು ಕೊಲ್ಲುವುದಕ್ಕೆ ಬದಲಾಗಿ ಎಣಿಸಬೇಕೆಂದು ಸೂಚಿಸಲು, 27 ಮಂದಿ 25 ಸ್ಥಳಗಳಲ್ಲಿ ಎಣಿಸಿದರು. ಏಷ್ಯಾ ಖಂಡದಲ್ಲಿ ನೀರುಹಕ್ಕಿಗಳ ಗಣತಿಯು 1987ರಿಂದ ಜನವರಿ ತಿಂಗಳಲ್ಲಿ ನಡೆದುಬಂದಿದೆ.

ಎಣಿಸುವ ಕ್ರಮವು ಹೀಗಿದೆ. ಸೂರ್ಯೋದಯವಾದೊಡನೆ, ದನಕರುಗಳು ನೀರಿಗಿಳಿಯುವ ಮೊದಲೇ, ಬಿಸಿಲಿಗೆ ಬೆನ್ನುಮಾಡಿ ನಿಲ್ಲತಕ್ಕದ್ದು. ಒಬ್ಬನು ಎಣಿಸಿ ಹೇಳಬೇಕು, ಇನ್ನೊಬ್ಬನು ಬರೆಯಬೇಕು. ಹಿಂಡು ದೊಡ್ಡದಾದರೆ ಮೊದಲು ಹತ್ತು ಹಕ್ಕಿಗಳನ್ನೆಣಿಸಿ, ಅವು ಹಿಡಿಯುವ ಜಾಗವನ್ನು ಕಣ್ಣಳತೆಯಲ್ಲಿಟ್ಟುಕೊಂಡು, ಅಂತಹ ಪಾಲುಗಳೆಷ್ಟಿವೆಯೆಂದು ನೋಡಬೇಕು. 32 ಪಾಲುಗಳಿದ್ದರೆ ಹಕ್ಕಿಗಳು ಸುಮಾರು 320. ಹೆಸರು ತಿಳಿಯದುದನ್ನು ಗುರುತು ತಿಳಿಯದ ಹಕ್ಕಿಯೆಂದೇ ಬರೆಯಬೇಕು. ಒಂದೂ ಕಾಣದಿದ್ದರೆ ಸೊನ್ನೆಯನ್ನೇ ಬರೆಯಬೇಕು. ಊರಿನ ಮಾನಕ್ಕಾಗಿ ಅಂಕಿಯನ್ನು ಹೆಚ್ಚಿಸಿದರೆ ಲೆಕ್ಕವೇ ವ್ಯರ್ಥವಾಗುವುದು. ದಿನಾಂಕ, ವೇಳೆ, ನೀರಿನ ಮಟ್ಟ ಇವುಗಳನ್ನೂ ಸೇರಿಸತಕ್ಕದ್ದು.

ಒಂದು ವರ್ಷದ ಅಂಕಿಯಿಂದ ತಿಳಿಯುವುದು ಅತ್ಯಲ್ಪ. ಅದೇ ಸ್ಥಳದಲ್ಲಿ, ಅದೇ ಕ್ರಮದಿಂದ ಹಲವು ವರ್ಷ ಎಣಿಸಿದರೆ ಕೆರೆಯ ಸ್ಥಿತಿಯು ಗೋಚರವಾಗುವುದು. ನೀರು ಹಿಂದಿನಷ್ಟೇ ಇದ್ದು ನೀರುಕಾಗೆಗಳು ವರ್ಷೇ ವರ್ಷೇ ಕಡಮೆಯಾದರೆ, ಮೀನು ಕಡಮೆಯಾಯಿತೇ ಎಂದು ವಿಚಾರಿಸಬೇಕು. ಕೆಸರಿನಲ್ಲಿ ಹುಳು ಹೆಕ್ಕುವ ಹಕ್ಕಿಗಳು ಕಾಣದಾದರೆ, ಗದ್ದೆಯಿಂದ ಬಸಿದುಬರುವ ಕೀಟನಾಶಕವು ಕಾರಣವೇ ಎಂದು ನೀರನ್ನು ಪರೀಕ್ಷೆ ಮಾಡಿಸಬೇಕು. ಆ ನೀರನ್ನೇ ಊರಿನ ದನಗಳೂ ಕುಡಿಯುವುವಲ್ಲವೇ?

ಹೆಬ್ಬಾತುಗಳು ಹೊಲಕ್ಕಿಳಿದು ಪೈರನ್ನು ಮೇಯುವುದುಂಟು. ಅದಕ್ಕಾಗಿ ವಿಷದ ಕಾಳನ್ನು ಚೆಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧವು. ಕಾವಲಿಟ್ಟು ಓಡಿಸುವುದೇ ಯುಕ್ತವಾದುದು. ಈ ಹೆಬ್ಬಾತುಗಳಿಂದ ಪ್ರಸಿದ್ಧವಾದ ಗದಗ ಜಿಲ್ಲೆಯ ಮಾಗಡಿ ಕೆರೆಯು 2024ರಲ್ಲಿ ಅಂತರರಾಷ್ಟ್ರೀಯ ಮಹತ್ತ್ವದ ರಾಮ್‌ಸಾರ್ ಪಟ್ಟಿಗೆ ಸೇರಿತು.

ಆದುದರಿಂದ ಗ್ರಾಮದ ಮುಖಂಡರು ಶಾಲೆಯ ಉಪಾಧ್ಯಾಯರನ್ನೂ ಬಾಲಕಬಾಲಕಿಯರನ್ನೂ ಕೂಡಿಕೊಂಡು ಬರುವ ಸಂಕ್ರಾಂತಿಯಿಂದಲೇ ಈ ಲೆಕ್ಕವನ್ನು ಆರಂಭಿಸಿ, ಪಂಚಾಯತಿಯ ದಫ್ತರದಲ್ಲಿ ಜೋಪಾನವಾಗಿಡುವುದು ಉತ್ತಮವು.