ಹಳೆ ಪೈಪು, ಹಳೆ ಪಂಪಿನಲ್ಲಿ ಬೇಸಿಗೆ ಹುಲ್ಲಿಗೆ ನೀರು



ಮಳೆಗಾಲದಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿಯಲ್ಲಿ ಹಸಿರಿಗೆ ಬರವಿಲ್ಲ. ಫೆಬ್ರವರಿ ಕಳೆಯಿತೆಂದರೆ ಬ್ಯಾಣಗಳೆಲ್ಲ ಒಣಗಿ, ಹಸು ಒಣಹುಲ್ಲು ಹಿಂಡಿಯ ಮೇಲೆ ನಿಲ್ಲಬೇಕಾಗುತ್ತದೆ. ಆಗ ಕೊಟ್ಟಿಗೆಯ ಹಿಂದೆ ಅರ್ಧ ಗುಂಟೆ ನೇಪಿಯರ್ ಹುಲ್ಲು ಹಸಿರಾಗಿದ್ದರೂ ಕರೆಯುವ ಹಸುವಿಗೆ ಅನುಕೂಲ. ಅದಕ್ಕೆ ನೀರುಣಿಸುವ ಸಾಮಾನು ಅಡಿಕೆ ತೋಟವಿರುವ ಮನೆಯ ಅಟ್ಟದಲ್ಲೇ ಇರುತ್ತದೆ.

ಮೊದಲು ತೋಟದಿಂದ ಕಿತ್ತು ಹಾಕಿದ 16 ಮಿ.ಮೀ. ಡ್ರಿಪ್ ಪೈಪು. 200 ಲೀಟರಿನ ಡ್ರಮ್ಮನ್ನು ಮೂರು ಅಡಿ ಕಟ್ಟೆಯ ಮೇಲಿಟ್ಟು ಇದನ್ನು ಜೋಡಿಸಿ. ಔಷಧಿ ತುಂಬಿ ಬಂದ ಡ್ರಮ್ಮು ಬೇಡ. ಡ್ರಿಪ್ಪರುಗಳನ್ನು ಹಾಗೇ ಬಿಟ್ಟರೆ ನೀರು ಬರುವುದೇ ಕಷ್ಟ. ಅವು ಸಾಮಾನ್ಯವಾಗಿ ಹತ್ತು ಮೀಟರ್ ಎತ್ತರದ ನೀರಿನಷ್ಟು ಒತ್ತಡಕ್ಕೆ ಮಾಡಿದವು, ನಿಮ್ಮ ಡ್ರಮ್ಮು ಕೊಡುವುದು ಒಂದು ಮೀಟರಿನಷ್ಟು ಮಾತ್ರ. ಆದ್ದರಿಂದ ಡ್ರಿಪ್ಪರ್ ಕಿತ್ತುಬಿಡಿ, ಆ ತೂತೇ ಸಾಕು. ಪೈಪಿನ ಒಳಗೇ ಡ್ರಿಪ್ಪರ್ ಇದ್ದರೆ ಪಕ್ಕದಲ್ಲಿ ಕಾಯಿಸಿದ ಮೊಳೆಯಿಂದ ಸಣ್ಣ ತೂತು ಮಾಡಿ. ಪೈಪನ್ನು ಇಳಿಜಾರಿಗೆ ಅಡ್ಡವಾಗಿ ಎಳೆಯಿರಿ. ಉದ್ದ ಮಾಡಿದರೆ ಮೊದಲ ತೂತುಗಳೇ ನೀರೆಲ್ಲ ಕುಡಿಯುತ್ತವೆ. ಇಪ್ಪತ್ತು ಅಡಿಯ ನಾಲ್ಕು ತುಂಡು ಲೇಸು.

ಎಷ್ಟು ಜಾಗಕ್ಕೆ ಸಾಕು? ಬಿರುಬೇಸಿಗೆಯಲ್ಲಿ ಚದರ ಮೀಟರಿಗೆ ದಿನಕ್ಕೆ ಸುಮಾರು 5 ಲೀಟರ್ ಹಿಡಿಯಿರಿ. ಒಂದು ಡ್ರಮ್ಮು 40 ಚದರ ಮೀಟರಿಗೆ, ಅಂದರೆ ಅರ್ಧ ಗುಂಟೆಗೂ ಸ್ವಲ್ಪ ಕಡಿಮೆ. ಹೆಚ್ಚು ಆಸೆ ಪಡಬೇಡಿ.

ಕೊಟ್ಟಿಗೆ ತೊಳೆದ ನೀರನ್ನು ಈ ಪೈಪಿಗೆ ಬಿಡಬೇಡಿ, ಸಗಣಿಯ ನಾರು ಒಂದೇ ವಾರದಲ್ಲಿ ಕಟ್ಟಿಸುತ್ತದೆ. ಅದಕ್ಕೆ ಒಡೆದ ದಪ್ಪ ಹೋಸ್ ಪೈಪೇ ಸರಿ. ಅದೇ ಹೋಸಿನ ಒಂದಡಿ ತುಂಡನ್ನು ಕರುವಿನ ಕೊರಳ ಹಗ್ಗಕ್ಕೆ ತೂರಿಸಿದರೆ ಕುತ್ತಿಗೆ ತರಚುವುದೂ ತಪ್ಪುತ್ತದೆ.

ಬೆನ್ನಿಗೆ ಹಾಕುವ ಬ್ಯಾಟರಿ ಪಂಪು ಕೆಟ್ಟಿದ್ದರೆ, ಟ್ಯಾಂಕಿನ ತಳದಿಂದ ಮೋಟಾರಿಗೆ ಹೋಗುವ ನಳಿಕೆ ಬಿಡಿಸಿ ನೇರ ಹೋಸಿಗೆ ಸೇರಿಸಿ, ನಾಝಲ್ ತೆಗೆಯಿರಿ. ನೀರು ತಾನಾಗಿ ಇಳಿಯುತ್ತದೆ. ಅಡಿಕೆ ಸಸಿ, ತರಕಾರಿ ಬುಡಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ ಕಳೆನಾಶಕ ಹೊಡೆದ ಪಂಪು ಬೇಡವೇ ಬೇಡ. 2,4-ಡಿ ಎಷ್ಟು ತೊಳೆದರೂ ಸ್ವಲ್ಪ ಉಳಿಯುತ್ತದೆ. ಹುಲ್ಲಿಗೆ ಏನೂ ಕಾಣಿಸದು, ಪಕ್ಕದ ಅಲಸಂದೆ, ಟೊಮೆಟೊ ಮುರುಟುತ್ತವೆ. ಬೋರ್ಡೋ ಹೊಡೆದ ಪಂಪಾದರೆ ನೀಲಿ ಕಲೆ ಹೋಗುವಷ್ಟು ಉಜ್ಜಿ ತೊಳೆಯಿರಿ, ಆ ತೊಳೆದ ನೀರು ದನ ಕುಡಿಯುವ ಬಾನಿಯತ್ತ ಹರಿಯದಿರಲಿ. ಮೈಲುತುತ್ತದ ತಾಮ್ರ ಎಳೆಗರುವಿಗೆ ಒಳ್ಳೆಯದಲ್ಲ, ಕುರಿಗಂತೂ ವಿಷ.

ಎಲ್ಲಕ್ಕಿಂತ ಜೋಪಾನ ಮಾಡಬೇಕಾದ್ದು ಆ ಪಂಪಿನಿಂದ ತೆಗೆದ ಬ್ಯಾಟರಿ. ಸಾಮಾನ್ಯವಾಗಿ ಅದು 12 ವೋಲ್ಟಿನ ಸೀಸದ ಬ್ಯಾಟರಿ. ಗೊಬ್ಬರಗುಂಡಿಯ ಬಳಿ ಎಸೆದದ್ದು ಒಡೆದರೆ ದನ ಅದನ್ನು ನೆಕ್ಕುತ್ತವೆ, ಕರುಗಳು ಇನ್ನೂ ಹೆಚ್ಚು. ಕಣ್ಣು ಕಾಣದೆ ಗೋಡೆಗೆ ಹಾಯುವುದು, ಹಲ್ಲು ಕಡಿಯುವುದು, ಸೆಳೆತ ಬಂದು ಬೀಳುವುದು ಸೀಸದ ವಿಷದ ಲಕ್ಷಣ; ನೋಡನೋಡುತ್ತಲೇ ಸಾಯಲೂಬಹುದು. ಇಂಥ ಲಕ್ಷಣ ಕಂಡರೆ ತಕ್ಷಣ ಪಶುವೈದ್ಯರನ್ನು ಕರೆಸಿ, ಬ್ಯಾಟರಿ ನೆಕ್ಕಿರಬಹುದೆಂಬ ಅನುಮಾನವನ್ನೂ ಹೇಳಿ. ಹುಚ್ಚುರೋಗದಲ್ಲೂ ಹೀಗೇ ಕಾಣಬಹುದಾದ್ದರಿಂದ ಬರಿಗೈಯನ್ನು ಬಾಯೊಳಗೆ ಹಾಕಬೇಡಿ. ಹಳೆ ಬ್ಯಾಟರಿಯನ್ನು ಹೊಸದು ಕೊಳ್ಳುವಾಗ ಅಂಗಡಿಗೇ ಕೊಟ್ಟುಬಿಡಿ. ಪೈಪು ಕಟ್ಟಿದ ತಂತಿಯ ಚೂರು, ಕ್ಲಾಂಪು, ಮೊಳೆಗಳನ್ನೂ ಅಂದೇ ಆರಿಸಿ ಡಬ್ಬಿಗೆ ಹಾಕಿ. ಹುಲ್ಲಿನ ಜೊತೆ ಹೊಟ್ಟೆ ಸೇರಿದ ತಂತಿ ಹೃದಯದವರೆಗೂ ಚುಚ್ಚಿಕೊಂಡು ಹೋಗಬಲ್ಲದು.