ಹಂಗಿಲ್ಲದ ಊಟ

ತಮ್ಮಾ, ಸಂಬಳದ ಚೀಟಿಯಲ್ಲಿ ತೆರಿಗೆಗೆಂದು ಮುರಿದುಕೊಂಡ ಮೊತ್ತ ಕಂಡಾಗಲೆಲ್ಲ ಹೊಟ್ಟೆ ಉರಿಯುತ್ತದೆ ಎಂದು ನೀನು ಹೇಳಿದೆ. "ದುಡಿಯೋರು ನಾವು, ಕೂತು ತಿನ್ನೋರು ಅವರು" ಎಂದೂ ಅಂದೆ. ದುಡಿದ ಹಣ ಕೈಗೆ ಬರುವ ಮೊದಲೇ ಕಡಿತವಾದರೆ ಯಾರಿಗಾದರೂ ಸಂಕಟವೇ, ಅದನ್ನು ಒಪ್ಪುತ್ತೇನೆ. ಎರಡನೆಯ ಮಾತನ್ನು ಮಾತ್ರ ಒಪ್ಪಲಾರೆ. ಆ 'ಅವರು' ಯಾರೆಂದು ನಾನು ಬಲ್ಲೆ. ರಾಯಚೂರು ಸೀಮೆಯ ಸರ್ಕಾರಿ ಶಾಲೆಗಳಲ್ಲಿ ಅವರಿಗೆ ಅಕ್ಷರ ಕಲಿಸುತ್ತಲೇ ನನ್ನ ನೌಕರಿ ಮುಗಿಯಿತು.

ನಿನ್ನ ತೆರಿಗೆಯ ಲೆಕ್ಕವನ್ನು ಇನ್ನೊಮ್ಮೆ ತೆಗೆದು ನೋಡು. ತೆರಿಗೆಯ ಮೇಲೆ ಶೇ 4ರಷ್ಟು 'ಆರೋಗ್ಯ ಮತ್ತು ಶಿಕ್ಷಣ ಸೆಸ್' ಎಂದಿರುತ್ತದೆ. 2004ರಲ್ಲಿ ಇದು ಶೇ 2ರ ಶಿಕ್ಷಣ ಸೆಸ್ ಆಗಿ ಶುರುವಾಯಿತು. ಪ್ರಾಥಮಿಕ ಶಾಲೆಗೆ, ಅಲ್ಲಿನ ಮಧ್ಯಾಹ್ನದ ಊಟಕ್ಕೆ ಹಣ ಬೇಕಿತ್ತು. 2018ರಿಂದ ಅದು ಶೇ 4. ನೀನು ಒಂದು ಲಕ್ಷ ರೂಪಾಯಿ ತೆರಿಗೆ ಕಟ್ಟಿದರೆ ಅದರ ಮೇಲೆ ನಾಲ್ಕು ಸಾವಿರ ಈ ಬಾಬ್ತಿಗೆ ಸೇರುತ್ತದೆ.

ಆ ಊಟ ಇಲ್ಲದ ಶಾಲೆಯನ್ನೂ ನಾನು ನೋಡಿದ್ದೇನೆ. 1995ರಲ್ಲಿ ಕೇಂದ್ರ ಸರ್ಕಾರ ಯೋಜನೆ ತಂದಾಗ ನಮ್ಮಲ್ಲಿ ಬೇಯಿಸಿ ಬಡಿಸುತ್ತಿರಲಿಲ್ಲ. ಶೇ 80 ಹಾಜರಿ ಇದ್ದ ಮಗುವಿಗೆ ತಿಂಗಳಿಗೆ 3 ಕೆ.ಜಿ. ಅಕ್ಕಿ ಕೊಟ್ಟು ಕಳಿಸುತ್ತಿದ್ದೆವು. ಅಕ್ಕಿ ಮನೆಗೆ ಹೋದರೆ ಮನೆಯವರೆಲ್ಲರ ಹಸಿವಿಗೂ ಹಂಚಿಹೋಗುತ್ತಿತ್ತು, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಮಗು ಮರುದಿನ ಮತ್ತೆ ಬರಿಹೊಟ್ಟೆಯಲ್ಲೇ ಬರುತ್ತಿತ್ತು. ಮಧ್ಯಾಹ್ನ ಗಂಟೆ ಬಾರಿಸಿದ ಮೇಲೆ ಮನೆಗೆ ಹೋದವರಲ್ಲಿ ಎಷ್ಟೋ ಮಂದಿ ತಿರುಗಿ ಬರುತ್ತಿರಲಿಲ್ಲ. ಹತ್ತಿ ಬಿಡಿಸುವ ಕಾಲಕ್ಕಂತೂ ಹೆಣ್ಣುಮಕ್ಕಳ ಸಾಲು ಖಾಲಿ. ಗುಳೆ ಹೋದ ಮನೆಯ ಮಕ್ಕಳ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿಯುತ್ತಿತ್ತು.

2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಶಾಲೆಯಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶಿಸಿತು. 2002ರಲ್ಲಿ ರಾಜ್ಯದ ಬಿಸಿಯೂಟದ ಯೋಜನೆ ಅಕ್ಷರ ದಾಸೋಹ ನಮ್ಮ ಉತ್ತರದ 7 ಜಿಲ್ಲೆಗಳಿಗೆ ಮೊದಲು ಬಂತು, ರಾಯಚೂರೂ ಅದರಲ್ಲಿತ್ತು. ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿತು. ಪ್ರಾಥಮಿಕ ಶಾಲೆಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 6ನೇ ತರಗತಿಯಿಂದ ಮೇಲೆ 150 ಗ್ರಾಂ, ಜೊತೆಗೆ ಬೇಳೆ, ತರಕಾರಿ. ಹೇಳಿದರೆ ಇಷ್ಟೇ. ಆದರೆ ಮಧ್ಯಾಹ್ನದ ತರಗತಿ ತುಂಬಿತು. ಎರಡು ಗಂಟೆಗೆ ಗೋಡೆಗೊರಗಿ ತೂಕಡಿಸುತ್ತಿದ್ದ ಮಕ್ಕಳು ಮಗ್ಗಿ ಹೇಳತೊಡಗಿದರು. ಅಡುಗೆಯವರ ಜಾತಿ ಕೇಳಿ ಮಕ್ಕಳನ್ನು ಎಬ್ಬಿಸಿಕೊಂಡು ಹೋದವರು ನಮ್ಮ ನಾಡಿನಲ್ಲಿ ಉಂಟು, ಆ ನೋವು ಈಗಲೂ ಪೂರ್ತಿ ಹೋಗಿಲ್ಲ. ಹಾಗಿದ್ದೂ ಗಲ್ಲಿ ಗಲ್ಲಿಯ ಮಕ್ಕಳು ಒಂದೇ ಪಂಕ್ತಿಯಲ್ಲಿ ಉಂಡರು. ಹಿರಿಯರು ಬಾಯಲ್ಲಿ ಹೇಳಿ ಮಾಡಿಸಲಾಗದ್ದು ಅದು.

ನಾನು ನಿನಗೆ ಮುಖ್ಯವಾಗಿ ಹೇಳಬೇಕಾದದ್ದು ಇದು. ಆ ಮಕ್ಕಳು ಯಾರಿಗೂ ಕೈ ಮುಗಿದು ಉಣ್ಣಲಿಲ್ಲ. "ಸರ್ಕಾರಕ್ಕೇಕೆ ಕೊಡಬೇಕು, ನಾನೇ ಬಡವರಿಗೆ ದಾನ ಮಾಡುತ್ತೇನೆ" ಎನ್ನುತ್ತೀಯಲ್ಲ, ಮಾಡು, ದಾನ ದೊಡ್ಡದು. ಆದರೆ ದಾನ ಕೊಡುವವನ ಕಣ್ಣಿಗೆ ಬಿದ್ದವರಿಗಷ್ಟೇ ಸಿಗುತ್ತದೆ, ಅವನಿಗೆ ಬಿಡುವಾದ ದಿನ ಸಿಗುತ್ತದೆ. ಬೆಂಗಳೂರಿನಲ್ಲಿ ಕೂತ ನಿನ್ನ ಕಣ್ಣಿಗೆ ಲಿಂಗಸುಗೂರಿನ ಆಚೆಯ ತಾಂಡಾ ಬೀಳುವುದಿಲ್ಲ. ಹಸಿವಾದರೋ ದಿನಾ ಬರುತ್ತದೆ. ಉಂಡವರ ಮೇಲೆ ದಾನದ ಹಂಗೂ ಇರುತ್ತದೆ. ತೆರಿಗೆಯ ಊಟಕ್ಕೆ ಆ ಹಂಗಿಲ್ಲ. ಸಾರು ನೀರಾದ ದಿನ ನನ್ನ ಶಾಲೆಯ ಐದನೇ ತರಗತಿಯ ಹುಡುಗಿಯೊಬ್ಬಳು ತಟ್ಟೆ ಹಿಡಿದು ಬಂದು, "ಸರ, ಇದರಾಗ ಬ್ಯಾಳಿ ಎಲ್ಲೈತ್ರಿ?" ಎಂದು ಕೇಳಿದಳು. ದಾನದ ಅನ್ನ ಉಣ್ಣುವ ಮಗುವಿಗೆ ಹಾಗೆ ಕೇಳುವ ಧೈರ್ಯ ಬರುವುದಿಲ್ಲ. ಹಕ್ಕಿನಿಂದ ಉಂಡು ಬೆಳೆದವರಲ್ಲೇ ನೆಟ್ಟಗೆ ನಿಂತು ಮಾತಾಡುವ ಪ್ರಜೆ ಹುಟ್ಟುವುದು ಎಂದು ನಾನು ನಂಬಿದ್ದೇನೆ.

ಇನ್ನು ನೀನೊಬ್ಬನೇ ಕಟ್ಟುತ್ತಿದ್ದೀ ಎಂಬ ಲೆಕ್ಕವೂ ಸರಿಯಿಲ್ಲ. ಆ ಹುಡುಗಿಯ ತಾಯಿ ಕೂಲಿ ಹಣದಲ್ಲಿ ಮೊಬೈಲಿಗೆ ರೀಚಾರ್ಜ್ ಮಾಡಿಸಿದರೆ ಶೇ 18 ಜಿಎಸ್‌ಟಿ ಕೊಡುತ್ತಾಳೆ, ಅದೇ ದರವನ್ನೇ ನೀನೂ ಕೊಡುವುದು. ಅವಳು ಹೊಲಕ್ಕೆ ಹೋಗುವ ಟಂಟಂ ಬಾಡಿಗೆಯಲ್ಲಿ ಡೀಸೆಲ್ ಮೇಲಿನ ತೆರಿಗೆ ಸೇರಿದೆ. ಬಿಸಿಯೂಟಕ್ಕೆ ರಾಜ್ಯವೂ ತನ್ನ ಪಾಲು ಹಾಕುತ್ತದೆ, ಆ ಪಾಲಿನಲ್ಲಿ ಅವಳ ದುಡ್ಡೂ ಇದೆ. ನೀನು ಕುಡಿದ ಪೋಲಿಯೊ ಹನಿ, ಸಿಇಟಿಯಲ್ಲಿ ಸಿಕ್ಕ ಸರ್ಕಾರಿ ಸೀಟು, ಇವೆಲ್ಲ ನಿನ್ನ ಅಪ್ಪ ಕಟ್ಟಿದ ಶುಲ್ಕದಲ್ಲೇ ಮುಗಿದವಲ್ಲ. ನಿನ್ನ ಗುರುತೇ ಇಲ್ಲದ ಅಂಥವರೂ ಅದಕ್ಕೆ ಕೊಟ್ಟಿದ್ದಾರೆ.

ನಡುವೆ ತಿನ್ನುವವರಿದ್ದಾರೆ ಎನ್ನುತ್ತೀ. ಇದ್ದಾರೆ, ನಾನೂ ಕಂಡಿದ್ದೇನೆ. ತೂಕದಲ್ಲಿ ಕಡಿಮೆ ಬಂದ ಚೀಲಕ್ಕೆ ಜಗಳವಾಡಿದ್ದೇನೆ. ಅದಕ್ಕೆ ಮದ್ದು ತೆರಿಗೆ ತಪ್ಪಿಸುವುದಲ್ಲ, ಲೆಕ್ಕ ಕೇಳುವುದು. ಯಾವ ಯೋಜನೆ ಇರಬೇಕು, ಯಾವುದಕ್ಕೆ ಎಷ್ಟು ಎಂದು ವಾದಿಸು, ಅದೂ ನಿನ್ನ ಕೆಲಸವೇ. ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಿ ವಹಿಯಲ್ಲಿ ಬರೆಯಬೇಕೆಂಬ ನಿಯಮವಿದೆ. ಪಾಲಕರೇ ಇರುವ ಶಾಲಾಭಿವೃದ್ಧಿ ಸಮಿತಿ, ಎಸ್‌ಡಿಎಂಸಿ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಊರಿಗೆ ಬಂದಾಗ ಶಾಲೆಗೆ ಹೋಗಿ ಎಷ್ಟು ಅಕ್ಕಿ ಬಂತು, ಎಷ್ಟು ಮಕ್ಕಳು ಉಂಡರು ಎಂದು ಕೇಳು. ಹೇಳದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕು. ನನಗೂ ಹೀಗೆ ಕೇಳುವವರು ಬಂದಿದ್ದರು, ಅದರಿಂದ ಶಾಲೆಗೆ ಒಳ್ಳೆಯದೇ ಆಯಿತು.

ಕೇಳುವವನ ಕಡತ ಮಾತ್ರ ಶುದ್ಧವಿರಬೇಕು. ಗೆಳೆಯರ ಮಾತು ಕೇಳಿ, ಇಲ್ಲದ ಬಾಡಿಗೆಗೆ ರಸೀದಿ ಬರೆಸಿ ಕಚೇರಿಗೆ ಕೊಡುವ ಯೋಚನೆ ಇದ್ದರೆ ಬಿಡು. ಈಗಾಗಲೇ ಕೊಟ್ಟಿದ್ದರೆ, ರಿಟರ್ನ್ಸ್ ಸಲ್ಲಿಸುವಾಗ ಆ ವಿನಾಯಿತಿ ತೆಗೆದುಹಾಕಿ ಬಾಕಿ ತೆರಿಗೆಯನ್ನು ಬಡ್ಡಿ ಸಮೇತ ಕಟ್ಟಿಬಿಡು.