ಕಲ್ಲಿದ್ದಲಿನ ಅಣುರಚನೆ ಮತ್ತು ಮೀಥೇನಿನ ಹೊರಹೀರಿಕೆ

ವಿಶಾಖಪಟ್ಟಣ ಬಂದರಿನಲ್ಲಿ ಹಡಗಿನಿಂದ ಇಳಿಯುವ ಆಸ್ಟ್ರೇಲಿಯಾದ ಕೋಕಿಂಗ್ ಕಲ್ಲಿದ್ದಲನ್ನೂ, ವಿಜಯವಾಡದ ಬಳಿಯ ಇಬ್ರಾಹಿಂಪಟ್ಟಣ ಮತ್ತು ರಾಯಚೂರಿನ ಶಕ್ತಿನಗರದ ಸ್ಥಾವರಗಳಲ್ಲಿ ಉರಿದಿರುವ ಸಿಂಗರೇಣಿ ಕಲ್ಲಿದ್ದಲನ್ನೂ ಅಕ್ಕಪಕ್ಕ ಇರಿಸಿದರೆ ಕಣ್ಣಿಗೆ ಎರಡೂ ಕಪ್ಪೇ. ಎರಡರ ಮೂಲವೂ ಒಂದೇ ಪ್ರಾಚೀನ ಭೂಖಂಡ, ಒಂದೇ ಪರ್ಮಿಯನ್ ಯುಗ. ಆ ಭೂಖಂಡಕ್ಕೆ ಗೊಂಡ್ವಾನ ಎಂಬ ಹೆಸರು ಬಂದದ್ದು ಗೊಂಡರ ನಾಡಿನಿಂದ. ಆದರೂ ಮೀಥೇನ್ ಅನಿಲವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿಯಲ್ಲಿ ಇವೆರಡೂ ಸಮಾನವಲ್ಲ. ಇದರ ಕಾರಣವನ್ನು ಅಣುರಚನೆಯಲ್ಲಿ ಅರಸಬೇಕಾಗುತ್ತದೆ.

ಮೊದಲಿಗೆ ಪಾರಿಭಾಷಿಕ ಪದದ ವಿಚಾರ. 'ಅಡ್ಸಾರ್ಪ್ಶನ್' ಎಂಬುದಕ್ಕೆ ಕನ್ನಡದಲ್ಲಿ 'ಅಧಿಶೋಷಣ', 'ಹೊರಹೀರಿಕೆ' ಎಂಬ ರೂಪಗಳುಂಟು. ನೆಲ ನೀರನ್ನು ಹೀರುತ್ತದೆ, ದುಂಬಿ ಮಧುವನ್ನು ಹೀರುತ್ತದೆ. ಅಲ್ಲೆಲ್ಲ 'ಹೀರು' ಎಂಬ ಧಾತು ಒಳಸೆಳೆತವನ್ನು ಸೂಚಿಸುತ್ತದೆ. ಮೀಥೇನ್ ಹಾಗೆ ಕರಗಿ ಒಂದಾಗುವುದಿಲ್ಲ. ಮೈಗೆ ಅಂಟಿ ನಿಲ್ಲುತ್ತದೆ. ಆದ್ದರಿಂದ 'ಹೊರ' ಎಂಬ ವಿಶೇಷಣ ಸಾಧುವೇ. ಆದರೆ ಅದು ಇನ್ನೊಂದು ಭ್ರಮೆಗೂ ಎಡೆಮಾಡುತ್ತದೆ. ಅನಿಲ ಅಂಟುವ ಮೈ ಹೆಂಟೆಯ ಹೊರಮೈಯಲ್ಲ, ಅದರೊಳಗಿನ ಅತಿಸೂಕ್ಷ್ಮ ರಂಧ್ರಗಳ ಗೋಡೆ. ಒಂದು ಗ್ರಾಂ ಕಲ್ಲಿದ್ದಲಿನಲ್ಲಿ ಇಂಥ ಒಳಮೈ ನೂರಾರು ಚದರ ಮೀಟರ್ ಇರಬಲ್ಲದು. ಇಲ್ಲಿ ಹೊರಗೆಂಬುದೇ ಒಳಗಿದೆ.

ಈ ರಂಧ್ರಗಳಲ್ಲಿ ಮುಖ್ಯವಾದವು 2 ನ್ಯಾನೋಮೀಟರಿಗಿಂತ ಕಿರಿದು. ಮೀಥೇನ್ ಅಣುವಿನ ವ್ಯಾಸ ಸುಮಾರು 0.38 ನ್ಯಾನೋಮೀಟರ್. ಇಕ್ಕಟ್ಟಾದ ಸೀಳಿನಲ್ಲಿ ಅಣುವನ್ನು ಎದುರುಬದುರಿನ ಎರಡು ಗೋಡೆಗಳೂ ಸೆಳೆಯುವುದರಿಂದ ಹಿಡಿತ ಬಿಗಿಯಾಗುತ್ತದೆ. ಕಲ್ಲಿದ್ದಲಿನ ರಂಧ್ರಗಳು ಅಣುಗಳನ್ನು ಗಾತ್ರಾನುಸಾರ ಸೋಸುವ ಜರಡಿಯಂತೆ ವರ್ತಿಸುತ್ತವೆಂಬುದನ್ನು 1940ರ ದಶಕದಲ್ಲಿ ತೋರಿಸಿಕೊಟ್ಟವರು ರೋಸಲಿಂಡ್ ಫ್ರಾಂಕ್ಲಿನ್. ಡಿಎನ್‌ಎಯ ಕ್ಷಕಿರಣ ಚಿತ್ರಕ್ಕಾಗಿ ಮಾತ್ರ ಅವರನ್ನು ನೆನೆಯುವವರು ಈ ದುಡಿಮೆಯನ್ನು ಮರೆಯುವುದುಂಟು.

ಗೋಡೆಯ ಸ್ವರೂಪ ಪಕ್ವತೆಯೊಡನೆ ಬದಲಾಗುತ್ತದೆ. ಎಳೆಯ ಕಲ್ಲಿದ್ದಲಿನಲ್ಲಿ ಆಮ್ಲಜನಕಯುಕ್ತ ಹೈಡ್ರಾಕ್ಸಿಲ್, ಕಾರ್ಬಾಕ್ಸಿಲ್ ಗುಂಪುಗಳು ಹೆಚ್ಚು. ಅವು ನೀರನ್ನು ಬರಮಾಡಿಕೊಳ್ಳುತ್ತವೆ. ಧ್ರುವೀಯವಲ್ಲದ ಮೀಥೇನಿಗೆ ನೀರೇ ಅಡ್ಡಿ. ಭೂಗರ್ಭದ ಉಷ್ಣದಲ್ಲಿ ಕಲ್ಲಿದ್ದಲು ಮಾಗಿದಂತೆ ಈ ಗುಂಪುಗಳೂ ಪಾರ್ಶ್ವ ಸರಪಳಿಗಳೂ ಕಳಚುತ್ತವೆ. ಅರೋಮ್ಯಾಟಿಕ್ ಉಂಗುರಗಳು ಬೆಸೆದು ಹಾಳೆಗಳಾಗುತ್ತವೆ. ಸಿಂಗರೇಣಿಯದಕ್ಕಿಂತ ಹೆಚ್ಚು ಮಾಗಿದ ಕೋಕಿಂಗ್ ಕಲ್ಲಿದ್ದಲಿಗೆ ಅನಿಲದ ನಂಟು ಹೆಚ್ಚಾಗಿರುವುದು ಇದರಿಂದಲೇ. ಆದರೆ ಈ ಏರಿಕೆ ಸರಳರೇಖೆಯದಲ್ಲ. ಒಣಗಿಸಿದ ಮಾದರಿಗಳಲ್ಲಿ ಧಾರಣಶಕ್ತಿ ಮಧ್ಯಮ ಪಕ್ವತೆಯಲ್ಲಿ ತಗ್ಗಿ ಮತ್ತೆ ಏರುವುದನ್ನು ಅನೇಕ ಪ್ರಯೋಗಗಳು ಕಂಡಿವೆ. ಪ್ರಯೋಗಶಾಲೆಯ ಒಣ ಪುಡಿಯ ಅಂಕಿಯನ್ನು ಗಣಿಯ ತೇವದ ಪದರಕ್ಕೆ ನೇರವಾಗಿ ಅನ್ವಯಿಸುವುದು ತರವಲ್ಲ.

ಹಿಡಿತ ಭೌತಿಕವಾದದ್ದು, ಒತ್ತಡ ಇಳಿದರೆ ಬಿಡುತ್ತದೆ. 1918ರಲ್ಲಿ ಲ್ಯಾಂಗ್‌ಮ್ಯೂರ್ ನಿರೂಪಿಸಿದ ಸಂಬಂಧದ ಪ್ರಕಾರ ಒತ್ತಡ ಏರಿದಂತೆ ಅನಿಲ ಮೊದಲು ವೇಗವಾಗಿ ತುಂಬಿ, ಅನಂತರ ಮೈಯೆಲ್ಲ ಆವರಿಸಿ ನಿಲುಗಡೆಗೆ ಬರುತ್ತದೆ. ಇದನ್ನು ಹಿಂದುಮುಂದಾಗಿ ಓದಬೇಕು: ಆರಂಭದ ಒತ್ತಡದ ಇಳಿತದಲ್ಲಿ ಹೊರಬರುವುದು ಅಲ್ಪ, ಕೊನೆಯ ಇಳಿತದಲ್ಲಿ ಬಹಳ. ಗಾಳಿಯಲ್ಲಿ ಮೀಥೇನ್ ಸುಮಾರು 5ರಿಂದ 15 ಶೇಕಡದಷ್ಟಿದ್ದರೆ ಕಿಡಿಯೊಂದು ಸಾಕು. 2006ರ ಸೆಪ್ಟೆಂಬರಿನಲ್ಲಿ ಧನಬಾದ್ ಬಳಿಯ ಭಾಟ್‌ಡೀಹ್ ಗಣಿಯ ಸ್ಫೋಟದಲ್ಲಿ 50 ಕಾರ್ಮಿಕರು ಸತ್ತರು.

ಗಣಿಯಿಂದ ಹೊರಬಂದ ಕಲ್ಲಿದ್ದಲು ಅನಿಲವನ್ನು ಒಮ್ಮೆಲೇ ತೊರೆಯುವುದಿಲ್ಲ. ಹೆಂಟೆ ದೊಡ್ಡದಾದಷ್ಟೂ ವಿಳಂಬ. ಉಳಿದದ್ದು ಹಡಗಿನ ಸರಕುಕೋಣೆಯಲ್ಲಿ ಬಿಡುಗಡೆಯಾಗುತ್ತದೆ, ಗಾಳಿಗಿಂತ ಹಗುರವಾದ್ದರಿಂದ ಮುಚ್ಚಳದ ಕೆಳಗೆ ಸೇರುತ್ತದೆ. 2011ರಿಂದ ಕಡ್ಡಾಯವಾಗಿರುವ ಅಂತರರಾಷ್ಟ್ರೀಯ ನೌಕಾ ಸಂಹಿತೆ, ಸರಕು ಮೀಥೇನನ್ನು ಸೂಸುವಂಥದೇ ಎಂಬುದನ್ನು ಮುಂಚಿತವಾಗಿ ತಿಳಿಸಬೇಕೆನ್ನುತ್ತದೆ. ಹಡಗು ಹೊರಟ ಮೊದಲ 24 ಗಂಟೆ ಸಾಮಾನ್ಯವಾಗಿ ರಾಶಿಯ ಮೇಲ್ಭಾಗದಲ್ಲಿ ಗಾಳಿಯಾಡಿಸಬೇಕೆಂದೂ ವಿಧಿಸುತ್ತದೆ. ರಾಶಿಯ ಒಡಲಿಗೆ ಗಾಳಿಯನ್ನು ನುಗ್ಗಿಸುವುದು ಮಾತ್ರ ನಿಷಿದ್ಧ. ಮೀಥೇನ್ ಬಿಟ್ಟುಹೋದ ಒಳಗೋಡೆಗಳಿಗೆ ಆಮ್ಲಜನಕ ತಲುಪಿತೆಂದರೆ ಕಲ್ಲಿದ್ದಲು ತಾನಾಗಿ ಕಾಯತೊಡಗುತ್ತದೆ.